ಮೇಲ್ಮಹಡಿಯ ಸಮೀಕ್ಷೆ

ನಮ್ಮೂರಿನ ಮೆಟ್ಟಿಲುಗಳು ಪ್ರತಿ ಯುಗಾದಿಗೆ, ಸಮೀಕ್ಷೆಯಲ್ಲಿ ಜನ ಕೊಟ್ಟ ಉತ್ತರಕ್ಕೆ ತಕ್ಕಂತೆ ತಾವೇ ಎತ್ತರ ಬದಲಿಸಿಕೊಳ್ಳುತ್ತವೆ. ಇಪ್ಪತ್ತು ವರ್ಷಗಳಿಂದ ಬೆಳೆಯುತ್ತಲೇ ಇವೆ. ಈಗ ಒಂದೊಂದೂ ನನ್ನ ಮೊಣಕಾಲಿನ ಮಟ್ಟಕ್ಕಿದೆ.

ಸಮೀಕ್ಷೆ ನಡೆಯುವುದು ವಾರ್ಡ್ ಕಚೇರಿಯ ಮೇಲ್ಮಹಡಿಯಲ್ಲಿ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ. ಈ ಸಲ ನಾನು ಕೋಲೂರಿಕೊಂಡು ಹೋಗಿ, ಮೆಟ್ಟಿಲ ಬುಡದಲ್ಲೇ ಕೂತು ಕೂಗಿದೆ. ಉತ್ತರ ಬರೆದುಕೊಳ್ಳುವ ಮೆಹಜಬೀನ ಮೇಲಿನಿಂದ ಇಣುಕಿದಳು.

"ಮ್ಯಾಲ ಬರ್ರಿ ಅಜ್ಜಿ. ಹನ್ನೊಂದು ವರ್ಷದಿಂದ ನಿಮ್ಮ ಉತ್ತರಾನ ಇಲ್ಲ."

"ಹನ್ನೊಂದು ವರ್ಷದಿಂದ ನನ್ನ ಮೊಣಕಾಲು ನೋಯಾಕತ್ತಾವು. ನೀ ಅಲ್ಲಿ ಕುಂತು ಏನ್ ಕೇಳ್ತಿ?"

"ಪಾವಟಿಗಿ ಹತ್ತಾಕ ತ್ರಾಸ ಆಗ್ತದೇನು ಅಂತ ಕೇಳ್ತೀನ್ರಿ. ಬಂದವ್ರೆಲ್ಲಾ ಇಲ್ಲ ಅಂತಾರ."

"ಹತ್ತಿ ಬಂದವ್ರು ಮತ್ತೇನಂತಾರ ತಂಗಿ?"

ಮೆಹಜಬೀನ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡಳು. ಆಮೇಲೆ ಮೇಜನ್ನು ತಾನೇ ಹೊತ್ತುಕೊಂಡು ಇಳಿದು ಬಂದು ನನ್ನ ಪಕ್ಕದಲ್ಲಿಟ್ಟಳು. ಸಂಜೆಯೊಳಗೆ ಬಸುರಿಯರು, ದಮ್ಮಿನವರು, ಕೋಲಿನವರು ಬೀದಿಯ ತಿರುವಿನ ತನಕ ಸಾಲುಗಟ್ಟಿದರು.

ಯುಗಾದಿಯ ಬೆಳಿಗ್ಗೆ ಬೇವಿನ ಪಾನಕದ ಚಂಬು ಹಿಡಿದು, ಒಂದು ಹನಿಯೂ ತುಳುಕದಂತೆ ಮೇಲ್ಮಹಡಿಗೆ ಹತ್ತಿದೆ. ಕಿಟಕಿಯಲ್ಲಿ ನಿಜಕ್ಕೂ ಒಳ್ಳೆಯ ಗಾಳಿ.

"ಇನ್ನ ಮೇಜು ಮ್ಯಾಲ ತರ್ಲೇನ್ರಿ ಅಜ್ಜಿ?" ಎಂದಳು ಮೆಹಜಬೀನ.

"ಅದು ಅಲ್ಲೇ ಇರ್ಲಿ," ಎಂದೆ.