ಕೊಂಬಿಲ್ಲದ ಜೀನು

“ನೆಲ್ಡಾ, ಇದಕ್ಕೆ ಕೊಂಬು ಹಚ್ಚೋದೇ ಮರ್ತಿದ್ದೀಯಲ್ಲ!” ಎಂದು ವರ್ಲಿನ್ ಕುದುರೆಯ ಹೊಸ ಜೀನಿಗೆ ಒಂದು ಸುತ್ತು ಬಂದು, ಇನ್ನೊಂದು ಸುತ್ತಿಗೆ ಹೊರಟ.

ಜೀನು ಹೊಲಿಯುವ ನೆಲ್ಡಾ ಕೈಯ ಸೂಜಿಯಿಂದ ತಲೆಯೆತ್ತಲಿಲ್ಲ. “ಮರ್ತಿಲ್ಲ. ಅದು ಇರೋದೇ ಹಾಗೆ. ನಿನ್ನ ಹೆಂಡ್ತಿ ನಾಲ್ಕರ ಮೇಲೆ ಕೂತು ನೋಡಿ ಇದನ್ನ ಆರಿಸಿದ್ಲು.”

ಆರಿಸಲು ಹೆಂಡತಿ ಅರ್ಡಿಸ್‌ಗೆ ಎರಡು ಪಕ್ಕೆಲುಬಿನಷ್ಟು ಕಾರಣವಿತ್ತು. ಹೋದ ವರ್ಷ ಬೆಟ್ಟದ ದಾರಿಗೆ ಅಡ್ಡಬಿದ್ದ ಪೈನ್ ಮರದಡಿ ಬಗ್ಗಿ ನುಸುಳುವಾಗ, ಹಳೆಯ ಜೀನಿನ ಮುಂದುಗಡೆ ಮುಷ್ಟಿಯಂತೆ ಎದ್ದು ನಿಂತಿದ್ದ ಕೊಂಬು ಎದೆಯ ಕೆಳಗೆ ತಿವಿದು, ಎರಡೂ ಎಲುಬು ಬಿರುಕುಬಿಟ್ಟಿದ್ದವು. ಇನ್ನೊಮ್ಮೆ ಹೀಗಾದರೆ ಸವಾರಿಯ ಆಸೆ ಬಿಡಬೇಕು ಎಂದಿದ್ದರು ಡಾಕ್ಟರು. ಅರವತ್ತೆರಡು ವರ್ಷದಲ್ಲಿ ಅವಳು ಬಿಡದೆ ಉಳಿಸಿಕೊಂಡಿದ್ದ ಆಸೆ ಅದೊಂದೇ. ಅಂಗಡಿಯ ಜೀನುಗಳಲ್ಲಿ ಒಂದು ತೊಡೆ ಸೀಳುವಷ್ಟು ಅಗಲ, ಒಂದು ಕಲ್ಲು, ಇನ್ನೊಂದು ಜಾರುಬಂಡೆ. ಇದೊಂದು ಮಾತ್ರ ಅಜ್ಜಿಯ ಮಡಿಲಿನ ಹಾಗಿತ್ತು. ಆದರೆ ಮನೆಗೆ ಬರುವ ದೊಡ್ಡ ವಸ್ತುವಿಗೆ ಇಬ್ಬರ ಒಪ್ಪಿಗೆಯೂ ಬೇಕೆಂಬುದು ಮದುವೆಯಾದಂದಿನ ಕರಾರು. ಆ ಕರಾರಿನ ಬಲದಿಂದಲೇ ಅವಳು ವರ್ಲಿನ್‌ನ ಮೋಟಾರು ದೋಣಿಯನ್ನು ಕೊಳ್ಳುವ ಮೊದಲೇ ಎರಡು ಸಲ ಮುಳುಗಿಸಿದ್ದಳು. ಈಗ ಅವನ ಸರದಿ.

“ಕೊಂಬಿಲ್ದೇ ಇದ್ರೆ ಅದು ಜೀನಲ್ಲ ಕಣೇ, ದಿಂಬು. ಕುದುರೆ ಬೆದರಿದ್ರೆ ಏನು ಹಿಡ್ಕೋತೀಯ?” ಎಂದು ಅವನು ಪಕ್ಕದಲ್ಲೇ ನಿಂತಿದ್ದ ಹೆಂಡತಿಯತ್ತ ತಿರುಗಿದ.

“ನೀನೇನು ಹಿಡ್ಕೋತೀಯ?”

“ನಾನಾ?” ವರ್ಲಿನ್ ಎದೆ ಉಬ್ಬಿಸಿದ. “ನಲವತ್ತು ವರ್ಷ ದನ ಅಟ್ಟಿದೋನು ನಾನು! ಕೊಂಬು ಇರೋದು ಹಗ್ಗ ಸುತ್ತೋಕೆ. ಒಂದು ದಿನ, ಒಂದೇ ಒಂದು ದಿನ ಕೈ ಹಾಕಿದ್ರೆ ಕೇಳು.”

ಬಿಟರ್‌ರೂಟ್ ಕಣಿವೆಯ ದನಗಾಹಿಗಳಿಗೆ ಇದು ಮಾನದ ಪ್ರಶ್ನೆ. ಕುದುರೆ ಮುಗಿಲಿಗೆ ಹಾರಲಿ, ಬಿದ್ದು ಹಲ್ಲು ಉದುರಲಿ, ಅದಕ್ಕೆಲ್ಲ ಯಾರೂ ನಗುವುದಿಲ್ಲ. ಕೊಂಬಿಗೆ ಜೋತುಬಿದ್ದವನ ಕಥೆಯನ್ನು ಮಾತ್ರ ಅವನ ಮೊಮ್ಮಕ್ಕಳ ಮದುವೆಯಲ್ಲೂ ಹೇಳಿ ನಗುತ್ತಾರೆ.

“ಹಾಗಿದ್ರೆ ನಿಂಗೆ ಇದ್ರೂ ಒಂದೇ, ಇಲ್ದಿದ್ರೂ ಒಂದೇ,” ಎಂದಳು ಅರ್ಡಿಸ್. “ನನ್ನ ಕುದುರೆಗೆ ಇದನ್ನ ಹಾಕಿ ನೀನು ಕೂರು. ನಿನ್ನ ಕುದುರೆ ಮೇಲೆ ನಾನು ಬರ್ತೀನಿ. ಬೆಟ್ಟ ಹತ್ತಿ ಬಂದ್ಮೇಲೆ ಬೇಡ ಅನ್ನು, ನಾನು ತುಟಿ ಪಿಟಕ್ ಅನ್ನಲ್ಲ.”

“ಸಂಜೆ ತನಕ ಇಟ್ಕೊಳ್ಳಿ,” ಎಂದಳು ನೆಲ್ಡಾ. “ಇಂಥದ್ದು ಇನ್ನೊಂದು ಬೇಕಂದ್ರೆ ಮುಂದಿನ ಬೇಸಿಗೇನೇ.”

ಮೊದಲ ಅರ್ಧ ಗಂಟೆ ವರ್ಲಿನ್‌ನ ಬಾಯಿಗೆ ಬಿಡುವಿರಲಿಲ್ಲ. ಹಗ್ಗ ಎಲ್ಲಿ ನೇತುಹಾಕುವುದು, ಟೋಪಿ ಎಲ್ಲಿ ಸಿಕ್ಕಿಸುವುದು, ನೋಡಿದವರು ಏನೆಂದಾರು! ಆಗಲೇ ಪೊದೆಯಿಂದ ಕಾಡುಕೋಳಿಯೊಂದು ಪಟಪಟನೆ ಎದ್ದು ಕುದುರೆಯ ಮೂಗಿನ ಮುಂದೆ ಹಾರಿತು. ಕುದುರೆ ಪಕ್ಕಕ್ಕೆ ನೆಗೆಯಿತು. ವರ್ಲಿನ್‌ನ ಬಲಗೈ ನೆಟ್ಟಗೆ ಮುಂದೆ ಹೋಗಿ, ಕೊಂಬು ಇರಬೇಕಾದ ಜಾಗದಲ್ಲಿ ಗಾಳಿಯನ್ನು ಬಾಚಿತು, ಮತ್ತೊಮ್ಮೆ ಬಾಚಿತು, ಕೊನೆಗೆ ಕುದುರೆಯ ಜೂಲನ್ನು ತಬ್ಬಿಕೊಂಡಿತು. ಟೋಪಿ ಹಳ್ಳಕ್ಕೆ ಬಿತ್ತು.

“ನೊಣ,” ಎಂದ ಅವನು, ಹಿಂದೆ ತಿರುಗದೆ. “ಕುತ್ತಿಗೆ ಮೇಲೆ ನೊಣ ಕೂತಿತ್ತು.”

“ಭಾರಿ ನೊಣ. ಟೋಪೀನೂ ಹೊತ್ಕೊಂಡು ಹೋಯ್ತಲ್ಲ,” ಎಂದಳು ಅರ್ಡಿಸ್.

ಅಲ್ಲಿಂದ ಮುಂದೆ ಹಳದಿಗೆ ತಿರುಗಿದ ಲಾರ್ಚ್ ಮರಗಳ ನಡುವೆ ಏರು ದಾರಿ. ಒಂದೆಡೆ ಮರ ಅಡ್ಡ ಬಿದ್ದಿತ್ತು. ವರ್ಲಿನ್ ಕುದುರೆಯ ಕುತ್ತಿಗೆಯ ಮೇಲೆ ಹಾಯಾಗಿ ಮಲಗಿ ಅದರಡಿ ತೂರಿ, ಆಚೆ ಎದ್ದು ಕೂತ. ಅರ್ಡಿಸ್ ತನ್ನ ಹೊಟ್ಟೆಯ ಮುಂದಿದ್ದ ಕೊಂಬನ್ನು ನೋಡಿ, ಇಳಿದು, ನಡೆದೇ ದಾಟಿದಳು.

“ಅಲ್ಲ ಕಣೇ,” ಎಂದ ವರ್ಲಿನ್, ಆಶ್ಚರ್ಯದಿಂದ ಸೊಂಟ ಮುಟ್ಟಿ ನೋಡಿಕೊಳ್ಳುತ್ತ. “ನೋವೇ ಇಲ್ವಲ್ಲ! ಮಂಡೀನೂ ಸುಮ್ನಿದೆ. ನೆಲ್ಡಾ ನನ್ನ ಅಳತೆ ಕದ್ದು ಹೊಲ್ದಂಗಿದೆ. ಒಂದು ಕೆಲ್ಸ ಮಾಡೋಣ, ಇದನ್ನ ನಾನಿಟ್ಕೋತೀನಿ. ನಿಂಗೆ ಮುಂದಿನ ಬೇಸಿಗೆಗೆ ಮಾಡಿಸೋಣ. ನೋಡು, ನಂದು ಪೂರ್ತಿ ಒಪ್ಪಿಗೆ!”

ವಾದವನ್ನು ಗೆದ್ದು ಜೀನನ್ನು ಸೋತ ಅರ್ಡಿಸ್ ಮತ್ತೆ ಕುದುರೆ ಹತ್ತಿ ಅವನ ಪಕ್ಕಕ್ಕೆ ಬಂದಳು.

“ಭಾನುವಾರ ಸವಾರಿ ಗುಂಪಿನೋರೆಲ್ಲ ಪ್ಯಾನ್‌ಕೇಕ್ ತಿನ್ನೋಕೆ ಸೇರ್ತಾರಲ್ಲ,” ಎಂದಳು ಸಾವಧಾನವಾಗಿ. “ಏನಾದ್ರೂ ಕಥೆ ಹೇಳು ಅಂತ ಪ್ರಾಣ ತಿಂತಾರೆ. ನೊಣದ ಕಥೆ ಹೇಳಿಬಿಡ್ಲಾ?”

“ನೊಣದಲ್ಲೇನಿದೆ ಕಥೆ?”

“ನೊಣದಲ್ಲೇನಿಲ್ಲ. ನಲವತ್ತು ವರ್ಷ ಹೋಗದ ಜಾಗಕ್ಕೆ ಕೈ ಅಷ್ಟು ಕರಾರುವಾಕ್ಕಾಗಿ ಹೋಯ್ತಲ್ಲ, ದಾರಿ ಯಾರು ಹೇಳ್ಕೊಟ್ರು ಅಂತ ಅವರೇ ಕೇಳ್ತಾರೆ.”

ವರ್ಲಿನ್ ಲಗಾಮು ಎಳೆದು ನಿಲ್ಲಿಸಿದ. ಇಳಿದ. ಎರಡೂ ಕಡೆಯ, ಕಾಲಿಡುವ ರಿಕಾಪುಗಳ ಪಟ್ಟಿಗಳನ್ನು ಹೆಂಡತಿಯ ಕಾಲಿಗೆ ಸರಿಯಾಗಿ ಎರಡೆರಡು ತೂತು ಮೇಲಕ್ಕೆ ಬಿಗಿದ. ಜೀನಿನ ಮೇಲಿನ ಧೂಳನ್ನು ತೋಳಿನಿಂದ ಒರೆಸಿ, “ಹತ್ತು. ನಂಗೆ ಸ್ವಲ್ಪ ಸಡಿಲಾನೇ ಅದು,” ಎಂದ.

ಇಳಿಜಾರಿನಲ್ಲಿ ಅರ್ಡಿಸ್ ಮುಂದೆ, ತನ್ನ ಕೊಂಬಿನ ಜೀನಿಗೆ ಮರಳಿದ ವರ್ಲಿನ್ ಹಿಂದೆ. ಸಡಿಲ ಕಲ್ಲುಗಳ ಮೇಲೆ ಹಿಂದಿನ ಕುದುರೆಯ ಗೊರಸುಗಳು ಸರ್ರನೆ ಜಾರಿದ್ದು ಕೇಳಿಸಿತು. ಜೊತೆಗೇ ಆ ಜೀನಿನ ಹಳೆಯ ಚರ್ಮ ಕಿರ್ರೆಂದಿತು. ಅವಳು ಕುದುರೆಯ ಎರಡು ಕಿವಿಗಳ ನಡುವಿನಿಂದ ಕಣ್ಣು ಕದಲಿಸಲಿಲ್ಲ.

“ಅರ್ಡಿಸ್, ಹಿಂದೆ ತಿರುಗ್ಬೇಡ,” ಎಂದಿತು ವರ್ಲಿನ್‌ನ ದನಿ. “ದಾರಿ ಸರಿಯಿಲ್ಲ.”

“ತಿರುಗಲ್ಲ ಕಣೋ. ನೀನು ಎರಡೂ ಕೈಯಲ್ಲಿ ಹಿಡ್ಕೋ.”