ನೋವಿಲ್ಲದ ಮಂಡಿ

ಬೇರೆ ಕ್ಲಬ್ಬಿನ ಫುಟ್‌ಬಾಲ್ ಸ್ಟಾರ್‌ನನ್ನು ಕೊಳ್ಳುವ ಮುಂಚೆ ಮ್ಯಾನೇಜರ್ ತನ್ನ ಡಾಕ್ಟರಿಂದ ಅವನ ಮಂಡಿ ಪರೀಕ್ಷೆ ಮಾಡಿಸಿದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನಂತೆ ತಾನೂ ಪಕ್ಕದಲ್ಲೇ ನಿಂತ.

ಡಾಕ್ಟರು ಮಂಡಿ ಒತ್ತಿದರು. "ನೋವಿದೆಯೇನಪ್ಪ?"

"ಇಲ್ಲ ಸಾರ್." ಆಟಗಾರ ಸೂರು ನೋಡುತ್ತ ಮಲಗಿದ್ದ.

ಮಡಿಸಿದರು, ತಿರುಚಿದರು. "ಈಗ?"

"ಚೂರೂ ಇಲ್ಲ ಸಾರ್."

ಡಾಕ್ಟರು ಸದ್ದಿಲ್ಲದೆ ಸೂಜಿ ಚುಚ್ಚಿದರು. "ಈಗ?"

"ಎಲ್ಲಿಂದ ಬರ್ಬೇಕು ಸಾರ್ ನೋವು? ಮಂಡಿ ಗುಂಡುಕಲ್ಲಿನ ಥರ ಇದೆ!"

ಡಾಕ್ಟರು ಮ್ಯಾನೇಜರನ್ನು ಹೊರಗೆ ಕರೆದೊಯ್ದರು. "ಸೂಜಿ ಚುಚ್ಚಿದ್ರೂ ಗೊತ್ತಾಗ್ತಿಲ್ಲ. ಹಾಳಾದ ಮಂಡಿಗೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಕಳಿಸಿದ್ದಾರೆ, ಕಳ್ಳರು."

"ಎಷ್ಟೊತ್ತು ಇರುತ್ತೆ ಅದರ ಪವರ್ರು?"

"ಸಂಜೆವರೆಗೆ ಇರಬಹುದು."

"ಹಾಗಾದ್ರೆ ಪಾಸ್ ಅಂತ ಬರೀರಿ ಡಾಕ್ಟ್ರೇ. ಮಧ್ಯಾಹ್ನದ ಊಟಕ್ಕೆ ಮುಂಚೆ ಇನ್ನೊಂದು ಕ್ಲಬ್ಬಿಗೆ ಮಾರಿಬಿಡೋಣ."