ಪಾಠ ಕೇಳಿದ್ದಕ್ಕೆ ಎರಡು ರೂಪಾಯಿ

"ನನಗೆ ದುಡ್ಡು ಬೇಡ ತಾತ. ದೇವರ ಮಾತು ಕೇಳೋಕೆ ಕೂಲಿ ತಗೊಳ್ಳೋದು ಯಾಕೋ ಸರಿ ಕಾಣ್ತಿಲ್ಲ," ಎಂದು ರೂಬೆನ್ ಎರಡು ರೂಪಾಯಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟ.

ಐವತ್ತೆಂಟನೇ ಇಸವಿಯಲ್ಲಿ ಯಶವಂತಪುರದಲ್ಲಿದ್ದ ಯೆಹೂದಿಗಳು ಬೆರಳೆಣಿಕೆಯಷ್ಟು ಮಂದಿ. ಭಾನುವಾರ ಸಂಜೆ ಎಲೈಜಾ ತಾತನ ಮನೆಗೆ ಧರ್ಮಶಾಸ್ತ್ರದ ಪಾಠಕ್ಕೆ ಬರುತ್ತಿದ್ದವರು ಇಬ್ಬರೇ: ರೈಲ್ವೆ ಗುಮಾಸ್ತ ರೂಬೆನ್, ಸಂತೆಬೀದಿಯ ದರ್ಜಿ ಸ್ಯಾಮ್ಸನ್. ಪಾಠ ಮುಗಿದ ಮೇಲೆ ತಾತ ಇಬ್ಬರಿಗೂ ಎರಡೆರಡು ರೂಪಾಯಿ ಕೊಡುತ್ತಿದ್ದರು. ರೂಬೆನ್‌ಗೆ ಅದು ವಾರವಾರವೂ ಚುಚ್ಚುತ್ತಿತ್ತು. ಇಂದು ಧೈರ್ಯ ಮಾಡಿ ಹೇಳಿದ. ಹೇಳಿದ ಮೇಲೆ ತನ್ನ ಬಗ್ಗೆ ತನಗೇ ಹೆಮ್ಮೆಯಾಯಿತು.

ಸ್ಯಾಮ್ಸನ್ ಜೇಬಿಗೆ ಇಳಿಸಿದ್ದ ನೋಟುಗಳನ್ನು ಮೆಲ್ಲಗೆ ಹೊರತೆಗೆದು ರೂಬೆನ್ ಇಟ್ಟ ದುಡ್ಡಿನ ಪಕ್ಕದಲ್ಲೇ ಇಟ್ಟ. "ನಂಗೂ ಬೇಡ ತಾತ," ಎಂದ. ಮುಖ ಎತ್ತಲಿಲ್ಲ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

"ಜ್ವರಗಿರ ಬಂದಿರ್ಬೇಕು," ಎಂದ ರೂಬೆನ್.

"ಶನಿವಾರ ಸಬ್ಬತ್ತು, ಕೆಲಸ ಮಾಡಬಾರದ ದಿನ ಅಂತ ಅಂಗಡಿ ಮುಚ್ತಾನೆ. ಭಾನುವಾರ ಸಂಜೇನೂ ಮುಚ್ಚಿ ಬಂದ್ರೆ ಮನೇಲಿ ಐದು ಹೊಟ್ಟೆ ತುಂಬೋದು ಹೆಂಗೆ?" ಎಂದರು ತಾತ. "ಕೇಳೋದಕ್ಕೆ ಕೂಲಿ ಇಲ್ಲ, ನಿಜ. ಬಿಟ್ಟು ಬಂದ ಕೆಲಸಕ್ಕೆ ಕೊಡಬಹುದು ಅಂತ ನಮ್ಮ ಹಿರಿಯರೇ ಹೇಳಿದ್ದಾರೆ. ಅವನೊಬ್ಬನಿಗೇ ಕೊಟ್ರೆ ನೊಂದ್ಕೋತಾನೆ ಅಂತ ನಿನಗೂ ಕೊಡ್ತಿದ್ದೆ ಕಣಪ್ಪ."

ಅವರು ಬೈಯಲಿಲ್ಲ. ಬೈದಿದ್ದರೆ ರೂಬೆನ್‌ಗೆ ಎಷ್ಟೋ ಹಗುರವಾಗುತ್ತಿತ್ತು. ತಿಂಗಳಾಗುತ್ತಲೇ ಸಂಬಳ ಎಣಿಸುವವನು ಎರಡು ರೂಪಾಯಿ ಬಿಟ್ಟದ್ದು ಯಾವ ಮಹಾ ತ್ಯಾಗ? ನಾಚಿಕೆಯಿಂದ ಅವನು ಅಲ್ಲಿ ಕೂರಲಾರದೆ ಎದ್ದು ನೇರ ದರ್ಜಿಯಂಗಡಿಗೆ ನಡೆದ. ಸ್ಯಾಮ್ಸನ್ ತಲೆ ಬಗ್ಗಿಸಿ ಮಿಷನ್ ತುಳಿಯುತ್ತಿದ್ದ.

"ನಾನು ತಪ್ಪು ಮಾತಾಡ್ಬಿಟ್ಟೆ. ವಾಪಸ್ ಬಾ ಸ್ಯಾಮ್ಸನ್. ನಾನೂ ದುಡ್ಡು ತಗೋತೀನಿ."

"ಇನ್ಮೇಲೆ ತಗೊಳ್ಳೋಕೆ ಕೈ ಬರಲ್ಲ ಸಾರ್. ತಗೊಳ್ದೆ ಬರೋಕೂ ಆಗಲ್ಲ."

ಅವನ ದನಿಯಲ್ಲಿ ಕೋಪವಿರಲಿಲ್ಲ. ಮಿಷನ್ ನಿಲ್ಲಿಸಿ ಹತ್ತಿರ ಬಂದ. "ಸಾರ್, ದಾರಿತಪ್ಪಿದ ಹಸು ಒಬ್ಬನ ಕೊಟ್ಟಿಗೆ ಸೇರ್ತು ಅಂತ ತಾತ ನಾನು ಕೊನೇ ಸಲ ಬಂದಾಗ ಹೇಳ್ತಿದ್ರಲ್ಲ. ಒಡೆಯ ಬರೋವರೆಗೆ ಅದರ ಮೇವಿನ ಖರ್ಚು ಯಾರದು ಅಂತ ಮುಂದಿನ ವಾರ ಹೇಳ್ತೀನಿ ಅಂದಿದ್ರು. ಏನ್ ಹೇಳಿದ್ರು?"

ಎಷ್ಟು ಯೋಚಿಸಿದರೂ ರೂಬೆನ್‌ಗೆ ಹಸುವಿನ ಮಾತು ಬಂದದ್ದೇ ನೆನಪಾಗಲಿಲ್ಲ.